ಸಹಾಯ ಬೇಕು: ಭಾವನ ಈ ಸ್ವಭಾವವನ್ನು ಅಕ್ಕ ಹೇಗೆ ನಿಭಾಯಿಸಬೇಕು?

ಎಲ್ಲರಿಗೂ ನಮಸ್ಕಾರ. ಅಕ್ಕನ ಸಂಸಾರದ ವಿಷಯ, ಹಾಗಾಗಿ ಊರು ಹೆಸರು ಹೇಳುವುದಿಲ್ಲ.

ನೆಂಟರಿಷ್ಟರ ಮುಂದೆ ಭಾವನಂಥ ಒಳ್ಳೆಯವರೇ ಇಲ್ಲ. ಮನೆಯೊಳಗೆ ಬೇರೆಯೇ ಕಥೆ. ಅಕ್ಕನ ಸಂಬಳ ಅವರ ಕೈಗೇ ಹೋಗುತ್ತದೆ, ಬಸ್ ಚಾರ್ಜಿಗೂ ಅವಳು ಕೇಳಬೇಕು. ನಿನ್ನೆ ಬೈದದ್ದನ್ನು ಇವತ್ತು ಎತ್ತಿದರೆ "ನಾನು ಹಾಗೆ ಹೇಳಲೇ ಇಲ್ಲ, ನಿನಗೆ ತಲೆ ಸರಿ ಇಲ್ಲ" ಅನ್ನುತ್ತಾರೆ. ಈಗ ಅಕ್ಕನಿಗೇ ತನ್ನ ನೆನಪಿನ ಮೇಲೆ ಅನುಮಾನ ಶುರುವಾಗಿದೆ. ನನಗೆ ಜಾಸ್ತಿ ಭಯ ಇರುವುದು ಅದೇ.

ಸುಮ್ನೆ 'ನಾರ್ಸಿಸಿಸ್ಟ್' (ತಾನೇ ಮೇಲು ಎನ್ನುವ, ಬೇರೆಯವರ ನೋವು ಲೆಕ್ಕಿಸದ ವ್ಯಕ್ತಿ) ಎಂದು ಹಣೆಪಟ್ಟಿ ಅಂಟಿಸಲು ಇಷ್ಟವಿಲ್ಲ. ಹಾಗೆ ಹೇಳಲು, ಮನೋವೈದ್ಯರು ಬಳಸುವ ಡಿಎಸ್ಎಂ-5 ಕೈಪಿಡಿಯ 9 ಲಕ್ಷಣಗಳಲ್ಲಿ ಕನಿಷ್ಠ 5 ಇರಬೇಕು, ಅದನ್ನೂ ತಜ್ಞರೇ ನೋಡಿ ಹೇಳಬೇಕು. ಭಾವ ಡಾಕ್ಟರ ಹತ್ತಿರ ಬರುವವರಲ್ಲ. ತಪ್ಪೆಲ್ಲಾ ಬೇರೆಯವರದ್ದೇ ಅಲ್ವಾ!

'ಗ್ರೇ ರಾಕ್' ವಿಧಾನದ ಬಗ್ಗೆ ಓದಿದೆ. ವಾದಕ್ಕಿಳಿಯದೆ, ಅಳು ಸಿಟ್ಟು ತೋರಿಸದೆ ಚುಟುಕಾಗಿ ಉತ್ತರಿಸುವುದು. ಒಂದೇ ಮನೆಯಲ್ಲಿದ್ದುಕೊಂಡು ಯಾರಾದರೂ ಹೀಗೆ ಮಾಡಿದ್ದೀರಾ? ಎದುರಿನವರ ಸಿಟ್ಟು ಇನ್ನೂ ಏರಲಿಲ್ಲವೇ?

ಇನ್ನೊಂದು ಪ್ರಶ್ನೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಮಾತಿನ ಹಿಂಸೆ, ಹಣದ ಹಿಂಸೆಯೂ ಸೇರುತ್ತವೆ. ಹೊಡೆತದ ಗುರುತಿಲ್ಲದೆ, ಆ ಕಾಯ್ದೆಯಡಿ ದೂರು ಕೇಳುವ ರಕ್ಷಣಾಧಿಕಾರಿಯ ಬಳಿ ಹೋದವರು ಏನೇನು ದಾಖಲೆ ಕೊಟ್ಟಿರಿ?

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡು ಎಂದರೆ ಅಕ್ಕ ಹೆದರುತ್ತಾಳೆ, ಭಾವ ಫೋನ್ ನೋಡುತ್ತಾರಂತೆ. ನನ್ನ ಫೋನಿನಿಂದಲೇ ಮಾಡಿಸೋಣ ಅಂದುಕೊಂಡಿದ್ದೇನೆ.

"ಹೊಂದಿಕೊಂಡು ಹೋಗಲಿ" ಎನ್ನುವ ಸಲಹೆ ಮಾತ್ರ ದಯವಿಟ್ಟು ಬೇಡ, ಅಮ್ಮ ದಿನಾ ಅದನ್ನೇ ಹೇಳುತ್ತಿದ್ದಾರೆ.