ಪ್ರಯಾಣಕ್ಕೆ ಹಾಡು, ಚಲನಚಿತ್ರಗಳ ಸಂಗ್ರಹ: ಲ್ಯಾಪ್‌ಟಾಪ್‌ನಲ್ಲಿ ಜಾಗ ಸಾಲುತ್ತಿಲ್ಲ
ಪ್ರಶ್ನೆ: ಹುಬ್ಬಳ್ಳಿಯಿಂದ ದೆಹಲಿಗೆ ರೈಲಿನಲ್ಲಿ ಹೊರಟಿದ್ದೇನೆ. ನನ್ನ ಲ್ಯಾಪ್‌ಟಾಪ್‌ನಲ್ಲಿರುವುದು 256 ಜಿಬಿ ಎಸ್‌ಎಸ್‌ಡಿ (ಕಡತಗಳನ್ನಿಡುವ ಸಂಗ್ರಹ ಸಾಧನ). ತಂದೆಯವರ ಕ್ಯಾಸೆಟ್‌ಗಳಿಂದ ನಾನೇ ಇಳಿಸಿಕೊಂಡ ಸಂಗೀತ ಕಛೇರಿಗಳು ವೇವ್ (ಕುಗ್ಗಿಸದ ಧ್ವನಿ ಕಡತ) ರೂಪದಲ್ಲಿ ಸುಮಾರು 90 ಜಿಬಿ ಇದ್ದು, ಅವುಗಳ ಜೊತೆ ಇಪ್ಪತ್ತು ಚಲನಚಿತ್ರಗಳನ್ನೂ ಒಯ್ಯಬೇಕೆಂದಿದ್ದೇನೆ. ಏನು ಮಾಡಬಹುದು?

ಉತ್ತರ 1: ಸಿಡಿ ಗುಣಮಟ್ಟದ ವೇವ್ ಕಡತ ನಿಮಿಷಕ್ಕೆ ಸುಮಾರು 10 ಎಂಬಿ ತಿನ್ನುತ್ತದೆ. ಅದನ್ನು ಫ್ಲ್ಯಾಕ್ ಎಂಬ ಕುಗ್ಗಿಸಿದ ರೂಪಕ್ಕೆ ಪರಿವರ್ತಿಸಿದರೆ ಧ್ವನಿಯಲ್ಲಿ ಏನೂ ನಷ್ಟವಾಗದೆ ಗಾತ್ರ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಆ ಪ್ರತಿ ಮನೆಯಲ್ಲಿರಲಿ. ಪ್ರಯಾಣಕ್ಕೆ 192 ಕೆಬಿಪಿಎಸ್ (ಸೆಕೆಂಡಿಗೆ 192 ಕಿಲೋಬಿಟ್) ಎಂಪಿ3 ಸಾಕು, ಇಡೀ ಸಂಗ್ರಹ 13 ಜಿಬಿಯೊಳಗೆ ಮುಗಿಯುತ್ತದೆ. ಗಾಲಿಗಳ ಸದ್ದಿನ ನಡುವೆ ಎರಡರ ವ್ಯತ್ಯಾಸ ಕಿವಿಗೆ ತಿಳಿಯುವುದು ಕಷ್ಟ.

ಉತ್ತರ 2: ಚಿತ್ರಗಳಿಗೆ ಎಚ್.265 ಎಂಬ ವೀಡಿಯೊ ಕುಗ್ಗಿಸುವ ವಿಧಾನ ಜಾಗ ಉಳಿಸುತ್ತದೆ ನಿಜ, ಆದರೆ ಹಳೆಯ ಲ್ಯಾಪ್‌ಟಾಪ್‌ನ ಯಂತ್ರಾಂಶ ಅದನ್ನು ಬೆಂಬಲಿಸದಿದ್ದರೆ ಪ್ರೊಸೆಸರ್ ಬಿಸಿಯೇರಿ ಬ್ಯಾಟರಿ ಬೇಗ ಬರಿದಾಗುತ್ತದೆ. ಆದ್ದರಿಂದ ಹೊರಡುವ ಮೊದಲೇ ಚಾರ್ಜರ್ ತೆಗೆದು ಒಂದು ಚಿತ್ರವನ್ನು ಪೂರ್ತಿ ಓಡಿಸಿ ನೋಡಿ. ಚಿತ್ರಗಳನ್ನು ಪೆನ್‌ಡ್ರೈವ್‌ನಲ್ಲಿ ಒಯ್ಯುವುದಾದರೆ, ಅದರಲ್ಲಿ ಕಡತಗಳನ್ನು ಜೋಡಿಸುವ ವ್ಯವಸ್ಥೆ ಫ್ಯಾಟ್32 ಆಗಿದ್ದರೆ 4 ಜಿಬಿ ಮೀರಿದ ಕಡತ ಅದರಲ್ಲಿ ಕೂರುವುದಿಲ್ಲ. ಈ ಮಿತಿಯಿಲ್ಲದ ಎಕ್ಸ್‌ಫ್ಯಾಟ್ ವ್ಯವಸ್ಥೆಗೆ ಫಾರ್ಮ್ಯಾಟ್ ಮಾಡಿಕೊಳ್ಳಿ, ಒಳಗಿರುವುದೆಲ್ಲ ಅಳಿಸಿಹೋಗುತ್ತದೆ ಎಂಬುದು ನೆನಪಿರಲಿ.

ಉತ್ತರ 3: ಮೇಲಿನ ಬರ್ತ್‌ನಿಂದ ಬಿದ್ದ ನನ್ನ ಹಾರ್ಡ್‌ಡಿಸ್ಕ್ ಮತ್ತೆ ತೆರೆಯಲೇ ಇಲ್ಲ. ಕ್ಯಾಸೆಟ್‌ಗಳಿಂದ ಇಳಿಸಿದ್ದರ ಎರಡು ಪ್ರತಿಗಳು ಮನೆಯಲ್ಲಿ, ಬೇರೆಬೇರೆ ಡಿಸ್ಕ್‌ಗಳಲ್ಲಿ ಇರಲೇಬೇಕು.

ಪ್ರಶ್ನೆ ಕೇಳಿದವರು: ಒಂದು ಕಛೇರಿಯನ್ನು ಎಂಪಿ3 ಮಾಡಿ ಕೇಳಿದೆ. ಆರಂಭದಲ್ಲಿ ತಂದೆಯವರು ಮೆಲುದನಿಯಲ್ಲಿ ರಾಗದ ಹೆಸರು ಹೇಳುವುದೂ, ರೆಕಾರ್ಡರ್‌ನ ಗುಂಡಿ ಒತ್ತುವ ಸದ್ದೂ ಸ್ಪಷ್ಟವಾಗಿವೆ. ಇಂದೇ ಎರಡನೆಯ ಡಿಸ್ಕ್ ತರುತ್ತೇನೆ.