ಹುಲ್ಲೇ ಮುಟ್ಟದ ಕರುವಿಗೆ ಜಂತುಹುಳು ಎಲ್ಲಿಂದ?

ಪ್ರಶ್ನೆ (ಶ್ರೀನಿವಾಸಪುರ ಕಡೆಯ ರೈತರು): ಡಾಕ್ಟ್ರೇ, ನಮ್ಮ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಕ್ರಾಸ್ ಹೆಣ್ಣುಗರುವಿಗೆ ಇವತ್ತಿಗೆ 26 ದಿನ. ನಾಲ್ಕು ದಿನದಿಂದ ಜೇಡಿಮಣ್ಣು ಕಲಸಿದಂಥ ಭೇದಿ, ವಾಸನೆ ತಡೆಯೋಕಾಗಲ್ಲ. ಹೊಟ್ಟೆ ಗುಡಾಣ, ಪಕ್ಕೆಲುಬು ಎಣಿಸಬಹುದು. ಬೆಳಗ್ಗೆ ಗೇಣುದ್ದದ ಬಿಳಿ ಹುಳು ಬಿತ್ತು. ಹಾಲು ಜಾಸ್ತಿಯಾಗಿ ಹುಳು ಆಗಿದೆ, ಹಾಲು ನಿಲ್ಲಿಸು ಅಂತಾರೆ ಪಕ್ಕದ ಮನೆಯವರು. ಇನ್ನೂ ಹುಲ್ಲೇ ಮುಟ್ಟಿಲ್ಲ, ಹುಳು ಎಲ್ಲಿಂದ ಬಂತು?

ಉತ್ತರ (ಪಶುವೈದ್ಯರು): ದಯವಿಟ್ಟು ಹಾಲು ನಿಲ್ಲಿಸಬೇಡಿ. ಹುಳು ಹಾಲಿನಲ್ಲೇ ಬಂದಿರೋದು ನಿಜ, ಆದರೆ ಹಾಲು ಹೆಚ್ಚಾಗಿದ್ದಕ್ಕಲ್ಲ. ಇದು ಟಾಕ್ಸೊಕಾರಾ ಅನ್ನೋ ದುಂಡುಹುಳು. ಇದರ ಮರಿಗಳು ತಾಯಿಯ ಮೈಯೊಳಗೆ ಮಲಗಿರ್ತವೆ. ಕರು ಹಾಕೋ ಹೊತ್ತಿಗೆ ಎದ್ದು ಕೆಚ್ಚಲು ಸೇರಿ, ಮೊದಲ ದಿನಗಳ ಹಾಲಿನ ಜೊತೆ ಕರುವಿನ ಕರುಳಿಗೆ ಇಳೀತವೆ. ಬರೋದು ಬಂದಾಗಿದೆ. ಈಗ ಹಾಲು ಕಿತ್ತುಕೊಂಡರೆ ಹುಳುವಿಗಿಂತ ಮೊದಲು ಹಸಿವೇ ಕರುವನ್ನು ಕೊಲ್ಲುತ್ತೆ.

ಪಿಪರಜಿನ್ ಅಥವಾ ಫೆನ್‌ಬೆಂಡಜೋಲ್ ಕೆಲಸ ಮಾಡುತ್ತೆ. ಎಷ್ಟು ಅನ್ನೋದು ತೂಕದ ಮೇಲೆ. ಬಾಟಲಿಯಿಂದ ಬಾಟಲಿಗೆ ಔಷಧಿಯ ಸಾಂದ್ರತೆ ಬೇರೆ, ಅಂದಾಜಿಗೆ ಸುರೀಬೇಡಿ. ನಿಮ್ಮ ಕಡೆ ಮಾವಿನಕಾಯಿ ತೂಗೋ ಯಂತ್ರ ಇರುತ್ತಲ್ಲ, ಕರು ಎತ್ತಿಕೊಂಡು ನಿಂತು ತೂಗಿ, ನಿಮ್ಮ ತೂಕ ಕಳೆಯಿರಿ. ಗೊಟ್ಟದಲ್ಲಿ (ಔಷಧಿ ಕುಡಿಸೋ ಕೊಳವೆ) ಕುಡಿಸುವಾಗ ತಲೆ ಪೂರ್ತಿ ಮೇಲೆತ್ತಬೇಡಿ, ನಾಲಿಗೆ ಹಿಡಿದು ಎಳೀಬೇಡಿ. ಔಷಧಿ ಶ್ವಾಸಕೋಶಕ್ಕೆ ಹೋಗಿ ಕರು ಸಾಯೋದನ್ನ ನಾನು ಕಣ್ಣಾರೆ ನೋಡಿದ್ದೀನಿ.

ಕತ್ತಿನ ಚರ್ಮ ಹಿಡಿದೆಳೆದು ಬಿಡಿ. ಮಡಿಕೆ ಹಾಗೇ ನಿಂತರೆ, ಕಣ್ಣು ಗುಳಿಬಿದ್ದಿದ್ದರೆ ಔಷಧಿಗಿಂತ ಮೊದಲು ಗ್ಲೂಕೋಸ್, ಸಲೈನ್. ತಕ್ಷಣ ಪಶು ಆಸ್ಪತ್ರೆಗೆ ಒಯ್ಯಿರಿ.

ಪ್ರಶ್ನೆ (ಮುಳಬಾಗಿಲಿನಿಂದ ಇನ್ನೊಬ್ಬರು): ನಮ್ಮ ಎರಡು ತಿಂಗಳ ಕರುವಿಗೆ ಎರಡು ಸಲ ಜಂತಿನ ಔಷಧಿ ಹಾಕಿಸಿದೆ. ಆದ್ರೂ ರಕ್ತ, ಲೋಳೆ ಬೀಳ್ತಿದೆ. ಬಾಲ ಎತ್ತಿ ಮುಕ್ಕರಿತಾನೇ ಇದೆ.

ಉತ್ತರ: ನಿಮ್ಮದು ಕಾಕ್ಸಿಡಿಯಾ ಇರಬಹುದು. ಅದು ಹುಳುವಲ್ಲ, ಕಣ್ಣಿಗೆ ಕಾಣದ ಏಕಕೋಶ ಜೀವಿ. ಜಂತಿನ ಔಷಧಿ ಎಷ್ಟು ಸಲ ಹಾಕಿದರೂ ಅದಕ್ಕೆ ನಾಟಲ್ಲ. ಆಂಪ್ರೋಲಿಯಂ ಅಥವಾ ಸಲ್ಫಾ ಬೇಕು, ಅದೂ ಕೆಲವು ದಿನ ಬಿಡದೆ. ಇವತ್ತಿನ ಹಸಿ ಸಗಣಿ ಸ್ವಲ್ಪ ಡಬ್ಬಿಯಲ್ಲಿ ತಗೊಂಡು ಹೋಗಿ ಪರೀಕ್ಷೆ ಮಾಡಿಸಿ. ಕರು ಮಲಗೋ ಜಾಗ ಒದ್ದೆ ಇದ್ದರೆ ರೋಗ ಬಿಡಲ್ಲ. ರಾಗಿಹುಲ್ಲು ದಿನಾ ಬದಲಿಸಿ, ಬಿಸಿಲಿಗೆ ಕಟ್ಟಿ.

ಪ್ರಶ್ನೆ (ಮೊದಲಿನವರು): ಡಾಕ್ಟ್ರೇ, ತೂಕ 34 ಕೆಜಿ ಬಂತು. ಆಸ್ಪತ್ರೆಯಲ್ಲೇ ಔಷಧಿ ಹಾಕಿದರು. ರಾತ್ರಿಯಿಂದ ಒಂದು ಬೊಗಸೆ ಹುಳು ಬಿದ್ದಿದೆ, ಕರು ಈಗ ಎದ್ದು ಹಾಲು ಕುಡೀತು. ಮುಂದಿನ ಸಲ ಹಸು ಗಬ್ಬ ಇದ್ದಾಗಲೇ ಔಷಧಿ ಕೊಟ್ಟರೆ ತಪ್ಪುತ್ತಾ?

ಉತ್ತರ: ಕೇಳಿ ನೆಮ್ಮದಿಯಾಯ್ತು. ಹೊಟ್ಟೆ ಗಟ್ಟಿಯಾಗಿ ಸಗಣಿ ನಿಂತರೆ ಮಾತ್ರ ತಡ ಮಾಡಬೇಡಿ, ಸತ್ತ ಹುಳು ಗಂಟುಕಟ್ಟಿ ಕರುಳಿಗೆ ಅಡ್ಡ ಬೀಳುತ್ತೆ. ಇನ್ನು ತಾಯಿಯ ಮೈಯಲ್ಲಿ ಮಲಗಿರೋ ಮರಿಗಳಿಗೆ ಸಾಮಾನ್ಯ ಔಷಧಿ ತಟ್ಟಲ್ಲ. ಗಬ್ಬದ ಮೊದಲ ತಿಂಗಳುಗಳಲ್ಲಿ ಆಲ್ಬೆಂಡಜೋಲ್ ಅನ್ನೋ ಜಂತಿನ ಔಷಧಿ ಕೊಡಲೇಬಾರದು, ಒಳಗಿನ ಕರುವಿಗೆ ಅಂಗದೋಷ ಬರಬಹುದು. ಕರು ಹುಟ್ಟಿದ ದಿನ ಕ್ಯಾಲೆಂಡರಲ್ಲಿ ಗುರುತು ಹಾಕಿ, 10ರಿಂದ 15 ದಿನದೊಳಗೆ ಮೊದಲ ಡೋಸ್ ಹಾಕಿಸಿ. ಹುಳು ಮೊಟ್ಟೆಯಿಡೋಕೆ ಸುಮಾರು ಮೂರು ವಾರ ಬೇಕು, ಅಷ್ಟರೊಳಗೆ ಸಾಯಬೇಕು. ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಂದು ಸಲ.

ಬಿದ್ದ ಹುಳುಗಳನ್ನು ತಿಪ್ಪೆಗೆ ಹಾಕಬೇಡಿ, ಇವತ್ತೇ ಸುಟ್ಟುಬಿಡಿ. ಮೊಟ್ಟೆ ಮಣ್ಣಲ್ಲಿ ತಿಂಗಳುಗಟ್ಟಲೆ ಉಳಿದು, ಮೇವಿನ ಜೊತೆ ಅದೇ ಹಸುವಿನ ಹೊಟ್ಟೆ ಸೇರುತ್ತೆ.