ಅಮ್ಮನಿಗೆ ಎರಡೂ ಮಂಡಿ ಆಪರೇಷನ್, ಆಮೇಲೆ ಹಳ್ಳಿ ಮನೆಯಲ್ಲಿ ಹೇಗೆ?

ಮಲೆನಾಡಿನವ:

ಎಲ್ಲರಿಗೂ ನಮಸ್ಕಾರ. ನಮ್ಮಮ್ಮನಿಗೆ 67 ವರ್ಷ, ಊರು ತೀರ್ಥಹಳ್ಳಿ ಹತ್ತಿರ. ಎರಡೂ ಮಂಡಿ ಪೂರ್ತಿ ಸವೆದಿದೆ. ನಿಂತುಕೊಂಡು ತೆಗೆಸಿದ ಎಕ್ಸ್‌ರೇಯಲ್ಲಿ ಮೂಳೆಗೆ ಮೂಳೆ ತಾಗುತ್ತಿರುವುದು ನಮ್ಮಂಥವರಿಗೂ ಕಾಣುತ್ತದೆ. ಕಾಲು ಸೊಟ್ಟ ಆಗಿದೆ, ರಾತ್ರಿ ಮಗ್ಗುಲು ಬದಲಿಸುವಾಗಲೂ ನರಳುತ್ತಾರೆ. ಎಣ್ಣೆ, ಕಷಾಯ, ಮಂಡಿಗೆ ಇಂಜೆಕ್ಷನ್ ಎಲ್ಲ ಆಯಿತು. ಈಗ ಸವೆದ ಕೀಲಿನ ಜಾಗದಲ್ಲಿ ಕೃತಕ ಮಂಡಿ ಹಾಕುವ ಆಪರೇಷನ್‌ಗೆ ಅವರೇ ಒಪ್ಪಿದ್ದಾರೆ. ಆದರೆ ಒಂದು ಷರತ್ತು: ಆಸ್ಪತ್ರೆಯಿಂದ ನೇರ ಊರಿಗೇ ಹೋಗಬೇಕು, ಬೆಂಗಳೂರಿನ ನಮ್ಮ ಮನೆ ಬೇಡ. ನಮ್ಮದು ಮೂರನೇ ಮಹಡಿ, ಲಿಫ್ಟ್ ಇಲ್ಲ, ಹಾಗಾಗಿ ಅವರು ಹೇಳುವುದೂ ಸರಿಯೇ.

ಊರಿನದು ಹಳೇ ಹೆಂಚಿನ ಮನೆ. ಕೋಣೆ ಕೋಣೆಗೂ ಎತ್ತರದ ಹೊಸ್ತಿಲು, ಬಚ್ಚಲು ಹಿಂದುಗಡೆ, ಪಾಯಖಾನೆ ಅಂಗಳ ದಾಟಿ ಹೋಗಬೇಕು, ಅದೂ ಕುಕ್ಕರುಗಾಲಲ್ಲಿ ಕೂರುವಂಥದ್ದು. ಅಪ್ಪನಿಗೂ ವಯಸ್ಸಾಗಿದೆ. ಅಮ್ಮನಿಗೆ ಶುಗರ್, ಬಿಪಿ ಎರಡೂ ಇವೆ, ಮಾತ್ರೆ ತಗೊಳ್ಳುತ್ತಾರೆ.

ಎರಡೂ ಮಂಡಿ ಒಟ್ಟಿಗೆ ಮಾಡಿಸಬಹುದಾ ಅಥವಾ ಒಂದೊಂದೇನಾ? ಮನೆಯಲ್ಲಿ ಮೊದಲೇ ಏನು ಮಾಡಿಸಿಡಬೇಕು? ರೋಬೋಟ್ ಆಪರೇಷನ್‌ಗೆ ಜಾಸ್ತಿ ದುಡ್ಡು ಹೇಳಿದ್ದಾರೆ, ಅದು ಬೇಕಾ? ಮನೆಯಲ್ಲಿ ಇದನ್ನೆಲ್ಲ ಕಂಡವರು ಹೇಳಿದರೆ ಉಪಕಾರ ಆಗುತ್ತದೆ.

---

ಸಿರ್ಸಿ ಸೊಸೆ:

ನಮ್ಮತ್ತೆಗೆ ಆಗಿದ್ದು ಇದೇ ಥರದ ಮನೆಯಲ್ಲಿ, ಅದಕ್ಕೇ ಮನೆ ವಿಷಯ ಮಾತ್ರ ಹೇಳುತ್ತೇನೆ. ಮೊದಲು ಪಾಯಖಾನೆ. ಆಪರೇಷನ್ ದಿನ ಗೊತ್ತಾಗುವ ಮೊದಲೇ ಅದನ್ನು ಸರಿಮಾಡಿಸಿ, ಯಾಕೆಂದರೆ ಗಾರೆಯವರು ಹೇಳಿದ ದಿನ ಬರುವುದಿಲ್ಲ. ಹೊಸ ಕಮೋಡ್ ಕಟ್ಟಿಸಲು ಆಗದಿದ್ದರೆ ಕಮೋಡ್ ಕುರ್ಚಿ ಸಿಗುತ್ತದೆ, ಕೆಳಗೆ ಪಾತ್ರೆ ಇರುತ್ತದೆ, ಮಂಚದ ಪಕ್ಕದಲ್ಲೇ ಇಡಬಹುದು. ಅತ್ತೆಗೆ ಮೊದಲು ನಾಚಿಕೆ, ಸೊಸೆ ಕೈಲಿ ಅದನ್ನೆಲ್ಲ ತೊಳೆಸುವುದಾ ಅಂತ. ನಿಮ್ಮಮ್ಮನಿಗೂ ಹಾಗೇ ಅನ್ನಿಸಬಹುದು. ಯಾರು ಮಾಡುತ್ತಾರೆ ಅನ್ನುವುದನ್ನು ಆಪರೇಷನ್‌ಗೆ ಮೊದಲೇ ಕೂತು ಮಾತಾಡಿಕೊಳ್ಳಿ. ಅಪ್ಪನ ಒಬ್ಬರ ಮೇಲೆ ಬಿಡಬೇಡಿ. ಮೊದಲ ಎರಡು ಮೂರು ವಾರ ರಾತ್ರಿ ಎಬ್ಬಿಸಿ ಹಿಡಿದುಕೊಳ್ಳುವವರು ಒಬ್ಬರು ಬೇಕೇ ಬೇಕು.

ಹೊಸ್ತಿಲು ದೊಡ್ಡ ತಲೆನೋವು. ವಾಕರ್ ಹಿಡಿದು ಹೊಸ್ತಿಲು ದಾಟುವುದು ಅಂದರೆ ವಾಕರ್ ಎತ್ತಿ ಆಚೆ ಇಡಬೇಕು, ಆ ಹೊತ್ತಿನಲ್ಲಿ ಹಿಡಿಯಲು ಏನೂ ಇರುವುದಿಲ್ಲ, ಮೈಭಾರವೆಲ್ಲ ಹೊಸ ಮಂಡಿ ಮೇಲೆ. ಹಲಗೆಯ ಇಳಿಜಾರು ಮಾಡಿಸೋಣ ಎಂದರೆ ಹೊಸ್ತಿಲು ತುಳಿದ ಹಾಗೆ ಆಗುತ್ತದೆ ಅಂತ ಅತ್ತೆ ಒಪ್ಪಲಿಲ್ಲ. ಕೊನೆಗೆ ಜಗಲಿ ಪಕ್ಕದ ಕೋಣೆಗೇ ಮಂಚ ಹಾಕಿದೆವು. ಊಟ, ಮಲಗುವುದು, ಕಮೋಡ್ ಎಲ್ಲ ಅಲ್ಲೇ. ಜಗಲಿಯಲ್ಲಿ ಉದ್ದಕ್ಕೂ ನಡೆಯಲು ಜಾಗ ಇತ್ತು, ಹೋಗಿ ಬರುವವರನ್ನು ಮಾತಾಡಿಸುತ್ತಾ ನಡೆಯುತ್ತಿದ್ದರು. ನಿಮ್ಮ ಮನೆಯಲ್ಲೂ ಹಾಗೆ ಒಂದು ಕೋಣೆ ಇದೆಯಾ ನೋಡಿ. ವಾಕರ್ ಬಾಗಿಲಲ್ಲಿ ಹಿಡಿಸುತ್ತದಾ ಅಂತ ಅಳತೆ ತಗೊಳ್ಳಿ, ಹಳೇ ಮನೆ ಬಾಗಿಲು ಸಪೂರ.

ಮಂಚ ತಗ್ಗಿದ್ದರೆ ಕಾಲಿನ ಕೆಳಗೆ ಗಟ್ಟಿ ಮರದ ತುಂಡು ಕೊಟ್ಟು ಎತ್ತರಿಸಿ. ಕೂರಲು ಎರಡೂ ಕಡೆ ಕೈ ಇರುವ ಗಟ್ಟಿ ಕುರ್ಚಿ. ನೆಲದ ಕಂಬಳಿ, ಕಾಲೊರೆಸುವ ಚಿಂದಿ ಎಲ್ಲ ತೆಗೆದುಬಿಡಿ. ಬಚ್ಚಲಿನ ಕಲ್ಲಿಗೆ ಪಾಚಿ ಕಟ್ಟಿರುತ್ತದೆ ಅಲ್ವಾ, ಉಜ್ಜಿಸಿ, ಗೋಡೆಗೆ ಕಂಬಿ ಹೊಡೆಸಿ. ಸಾಧ್ಯವಾದರೆ ಮಳೆಗಾಲ ಬಿಟ್ಟು ಬೇರೆ ಸಮಯದಲ್ಲಿ ಇಟ್ಟುಕೊಳ್ಳಿ. ನಮ್ಮ ಕಡೆ ಮಳೆಯಲ್ಲಿ ಅಂಗಳಕ್ಕೆ ಕಾಲಿಡುವುದೇ ಕಷ್ಟ.

---

ಫಿಸಿಯೋ ಮೈಸೂರು:

ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ದಿನಾ ಇಂಥ ರೋಗಿಗಳನ್ನೇ ನೋಡುತ್ತೇನೆ, ವ್ಯಾಯಾಮದ ಬಗ್ಗೆ ಹೇಳುತ್ತೇನೆ.

ವ್ಯಾಯಾಮ ಇವತ್ತೇ ಶುರು ಮಾಡಿಸಿ, ಆಪರೇಷನ್ ಆಗುವವರೆಗೆ ಕಾಯಬೇಡಿ. ನೋವಿಗೆ ಹೆದರಿ ವರ್ಷಗಟ್ಟಲೆ ಕಾಲು ಬಳಸದೇ ಇದ್ದಾಗ ತೊಡೆಯ ಮುಂಭಾಗದ ಸ್ನಾಯು ಕರಗಿರುತ್ತದೆ. ಮಂಡಿ ಹೊಸದು ಹಾಕಬಹುದು, ಸ್ನಾಯು ಹಾಕಲು ಬರುವುದಿಲ್ಲ. ಮಂಚದ ಮೇಲೆ ಕಾಲು ಚಾಚಿ, ಮಂಡಿಯ ಹಿಂಭಾಗವನ್ನು ಹಾಸಿಗೆಗೆ ಒತ್ತಿ, ಐದು ಎಣಿಸಿ ಬಿಡುವುದು. ಪಾದವನ್ನು ಮೇಲೆ ಕೆಳಗೆ ಆಡಿಸುವುದು. ಕುರ್ಚಿಯ ಕೈ ಒತ್ತಿ ಏಳುವುದನ್ನು ರೂಢಿ ಮಾಡಿಸಿ, ವಾಕರ್ ನಡಿಗೆಯನ್ನೂ ಮೊದಲೇ ಕಲಿಸಿ.

ಈಗಿನ ಪದ್ಧತಿಯಲ್ಲಿ ಅದೇ ದಿನ ಇಲ್ಲವೇ ಮರುದಿನವೇ ಎಬ್ಬಿಸಿ ನಡೆಸುತ್ತಾರೆ. ಮನೆಯವರು ಗಾಬರಿಯಾಗುತ್ತಾರೆ, ಇಷ್ಟು ಬೇಗ ಯಾಕೆ ಎನ್ನುತ್ತಾರೆ. ಬೇಗ ನಡೆದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಕಡಿಮೆಯಾಗುತ್ತದೆ, ಕೀಲೂ ಬಿಗಿಯುವುದಿಲ್ಲ.

ಒಂದು ವಿಷಯ ಕೈಮುಗಿದು ಹೇಳುತ್ತೇನೆ. ಮಂಡಿ ಕೆಳಗೆ ದಿಂಬು ಇಟ್ಟು ಮಲಗಿಸಬೇಡಿ. ಅಮ್ಮ ಕೇಳುತ್ತಾರೆ, ಇಟ್ಟ ಕೂಡಲೇ ಹಾಯೆನಿಸುತ್ತದೆ, ಪ್ರೀತಿಯಿಂದ ಮನೆಯವರೂ ಇಡುತ್ತಾರೆ. ಮಂಡಿ ಸ್ವಲ್ಪ ಮಡಚಿದ ಹಾಗೇ ಗಂಟೆಗಟ್ಟಲೆ ಇದ್ದರೆ ಆಮೇಲೆ ಪೂರ್ತಿ ನೇರ ಆಗುವುದಿಲ್ಲ, ಜೀವನಪೂರ್ತಿ ಕುಂಟು ನಡಿಗೆ. ಅದರ ಬದಲು ಟವೆಲ್ ಸುತ್ತಿ ಹಿಮ್ಮಡಿ ಕೆಳಗೆ ಇಡಿ. ಮಂಡಿ ತನ್ನ ಭಾರಕ್ಕೆ ತಾನೇ ಕೆಳಗಿಳಿದು ನೇರವಾಗುತ್ತದೆ. ಎಳೆಯುತ್ತದೆ, ಸ್ವಲ್ಪ ಹೊತ್ತು ತಡೆದುಕೊಳ್ಳಲಿ. ಎಲ್ಲರೂ ಎಷ್ಟು ಮಡಚುತ್ತದೆ ಎಂದು ಕೇಳುತ್ತಾರೆ, ಎಷ್ಟು ನೇರ ಆಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಮಡಚುವುದು ಎರಡು ವಾರದ ಹೊತ್ತಿಗೆ 90 ಡಿಗ್ರಿ ಹತ್ತಿರ ಬಂದರೆ ಚೆನ್ನಾಗಿದೆ ಎಂದೇ ಅರ್ಥ.

ನೋವಿನ ಮಾತ್ರೆಯನ್ನು ವ್ಯಾಯಾಮಕ್ಕೆ ಅರ್ಧ ಮುಕ್ಕಾಲು ಗಂಟೆ ಮೊದಲು ಕೊಡಿ. ಆಮೇಲೆ ಐಸನ್ನು ಬಟ್ಟೆಯಲ್ಲಿ ಸುತ್ತಿ ಇಡಿ. ಹೊಲಿಗೆ ಹಾಕಿದ ಗಾಯಕ್ಕೆ ಎಣ್ಣೆ, ಅರಿಶಿನ ಏನೂ ಬೇಡ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು.

---

ನಿವೃತ್ತ ಮೇಷ್ಟ್ರು, ಹಾಸನ:

ನನಗೇ ಆಗಿದೆ, ಮೊದಲು ಬಲ, ಕೆಲವು ತಿಂಗಳು ಬಿಟ್ಟು ಎಡ. ಎರಡೂ ಒಟ್ಟಿಗೆ ಮಾಡಿಸಿದರೆ ಒಂದೇ ಸಲ ಆಸ್ಪತ್ರೆ, ಒಂದೇ ಸಲ ನೋವು, ಅದು ನಿಜ. ಆದರೆ ಹೃದಯಕ್ಕೆ, ದೇಹಕ್ಕೆ ಹೊರೆ ಜಾಸ್ತಿ, ಆಮೇಲೆ ಊರಿಕೊಳ್ಳಲು ಒಳ್ಳೆಯ ಕಾಲೂ ಇರುವುದಿಲ್ಲ. ಶುಗರ್, ಬಿಪಿ ಇರುವ 67ರ ಹೆಂಗಸು, ಹಳ್ಳಿ ಮನೆ, ನೋಡಿಕೊಳ್ಳಲು ವಯಸ್ಸಾದ ಗಂಡ. ನನ್ನನ್ನು ಕೇಳಿದರೆ ಒಂದೊಂದೇ ಮಾಡಿಸಿ. ಎಕೋ, ಇಸಿಜಿ ನೋಡಿ ಅರಿವಳಿಕೆ ಡಾಕ್ಟರ್ ಏನು ಹೇಳುತ್ತಾರೋ ಅದೇ ಕೊನೆಯ ಮಾತು.

ಶುಗರ್ ಬಗ್ಗೆ ಹುಷಾರು. ಬೆಳಿಗ್ಗೆಯ ಒಂದು ರಿಪೋರ್ಟ್ ನೋಡಿ ಸಮಾಧಾನ ಪಡಬೇಡಿ, ಎಚ್‌ಬಿಎ1ಸಿ ಅನ್ನುವ ರಕ್ತ ಪರೀಕ್ಷೆ ಮಾಡಿಸಿ, ಹಿಂದಿನ ಎರಡು ಮೂರು ತಿಂಗಳ ಲೆಕ್ಕ ಅದರಲ್ಲಿ ಸಿಗುತ್ತದೆ. ಅದು 8 ದಾಟಿದ್ದರೆ ಬಹಳಷ್ಟು ಸರ್ಜನ್‌ಗಳು ಮುಂದಕ್ಕೆ ಹಾಕುತ್ತಾರೆ. ಮುಂದಕ್ಕೆ ಹಾಕಿದರೆ ಬೇಸರ ಬೇಡ, ಹೊಸ ಕೀಲಿಗೆ ಸೋಂಕು ಹತ್ತಿದರೆ ಮತ್ತೆ ತೆರೆಯಬೇಕಾಗಬಹುದು. ಅದೇ ಕಾರಣಕ್ಕೆ ಹಲ್ಲು ಹುಳುಕು, ಉರಿಮೂತ್ರ, ಹಿಮ್ಮಡಿ ಒಡಕು, ಕಾಲ್ಬೆರಳ ಸಂದಿನ ಕೆಸರುಹುಣ್ಣು ಎಲ್ಲ ಮೊದಲೇ ವಾಸಿ ಮಾಡಿಸಿ. ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಇದು ಇದ್ದೇ ಇರುತ್ತದೆ. ರಕ್ತ ತೆಳುವಾಗುವ ಮಾತ್ರೆ, ನಾಟಿ ಔಷಧಿ, ಏನು ತಗೊಳ್ಳುತ್ತಿದ್ದರೂ ಮುಚ್ಚಿಡದೆ ಡಾಕ್ಟರಿಗೆ ಹೇಳಿ.

ರೋಬೋಟ್ ತಾನೇ ಆಪರೇಷನ್ ಮಾಡುವುದಿಲ್ಲ, ಮೂಳೆ ಕತ್ತರಿಸುವ ಅಳತೆ ಹಿಡಿಯಲು ಸರ್ಜನ್‌ಗೆ ನೆರವಾಗುತ್ತದೆ. ಅದಕ್ಕಾಗಿ ಸಾಲ ಮಾಡಬೇಡಿ. ದಿನಾ ಇದೇ ಕೆಲಸ ಮಾಡುವ ಕೈ ಇರುವ ಸರ್ಜನ್ ಮುಖ್ಯ. ಖರ್ಚಿನ ವಿಷಯ: 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿತು. ಸಾಮಾನ್ಯವಾಗಿ ಬಳಸುವ ಕೋಬಾಲ್ಟ್ ಕ್ರೋಮಿಯಂ ಕೀಲಿಗೆ ಆಗ ನಿಗದಿಯಾದದ್ದು 54,720 ರೂಪಾಯಿ, ಜಿಎಸ್‌ಟಿ ಬೇರೆ. ಈಗಿನ ದರ ವಿಚಾರಿಸಿ, ಬಿಲ್‌ನಲ್ಲಿ ಕೀಲಿನ ಬೆಲೆ, ಕಂಪನಿ ಹೆಸರು ಬೇರೆಯಾಗಿ ಬರೆಸಿಕೊಳ್ಳಿ. ಇನ್ಶೂರೆನ್ಸ್ ಇದ್ದರೆ ಮಂಡಿಗೆ ಎಷ್ಟು ವರ್ಷ ಕಾಯಬೇಕೆಂಬ ಷರತ್ತು ಓದಿ. ಸರ್ಕಾರಿ ಕಡೆ ನೋಡುವುದಾದರೆ ಬೆಂಗಳೂರು ಜಯನಗರದಲ್ಲಿ ಸಂಜಯ್ ಗಾಂಧಿ ಸಂಸ್ಥೆ ಇದೆ, ಮೂಳೆಗೇ ಮೀಸಲಾದ ಆಸ್ಪತ್ರೆ.

ಇನ್ನೊಂದು, ಮೊದಲ ವಾರಗಳಲ್ಲಿ ರಾತ್ರಿ ನಿದ್ದೆ ಬರುವುದಿಲ್ಲ. ಯಾಕಾದರೂ ಮಾಡಿಸಿಕೊಂಡೆನೋ ಅನ್ನಿಸುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಮಂಡಿ ಬಿಸಿ ಇರುತ್ತದೆ, ಊತ ತಿಂಗಳುಗಟ್ಟಲೆ ಇರುತ್ತದೆ, ಗಾಯದ ಹೊರಬದಿಯಲ್ಲಿ ಒಂದಿಷ್ಟು ಜಾಗ ಜೋಮು ಹಿಡಿದ ಹಾಗೇ ಉಳಿಯುತ್ತದೆ, ನಡೆಯುವಾಗ ಟಕ್ ಟಕ್ ಸದ್ದೂ ಬರಬಹುದು. ಅಮ್ಮನಿಗೆ ಇದನ್ನೆಲ್ಲ ಮೊದಲೇ ಹೇಳಿ. ಏನೋ ಕೆಟ್ಟಿದೆ ಎಂದು ಹೆದರಿ ವ್ಯಾಯಾಮ ನಿಲ್ಲಿಸುವವರು ಬಹಳ ಜನ. ಈಗ ನಾನು ಬೆಳಿಗ್ಗೆ ಹಾಲಿಗೆ, ಪೇಪರಿಗೆ ನಡೆದೇ ಹೋಗುತ್ತೇನೆ.

---

ಮಲೆನಾಡಿನವ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಪೂರ್ತಿ ಓದಿ ಹೇಳಿದೆ. ಜಗಲಿ ಪಕ್ಕ ಭತ್ತದ ಮೂಟೆ ಇಡುವ ಕೋಣೆ ಇದೆ, ಅದನ್ನೇ ಖಾಲಿ ಮಾಡಿಸುತ್ತೇವೆ. ಒಂದೊಂದೇ ಮಂಡಿ ಅಂತ ಅವರೂ ಒಪ್ಪಿದರು. ಇನ್ನೆರಡು ಪ್ರಶ್ನೆ ಇದೆ. ಬೆಂಗಳೂರಿನಿಂದ ಊರಿಗೆ ಕಾರಲ್ಲಿ ಅಷ್ಟು ದೂರ ಕರೆದುಕೊಂಡು ಹೋಗಬಹುದಾ? ಮತ್ತೆ ನೆಲದ ಮೇಲೆ ಕೂತು ಪೂಜೆ ಮಾಡುವುದು ಅವರಿಗೆ ಬಿಡಲಾಗದ್ದು, ಅದು ಆಗುತ್ತದಾ?

---

ಫಿಸಿಯೋ ಮೈಸೂರು:

ಅಷ್ಟು ದೂರದ ಪ್ರಯಾಣಕ್ಕಿಂತ ಶಿವಮೊಗ್ಗದಲ್ಲೋ ಮಣಿಪಾಲದಲ್ಲೋ ಮಾಡಿಸುವುದು ಒಳ್ಳೆಯದು ಸರ್. ಹೊಲಿಗೆ ತೆಗೆಸಲು, ಆಮೇಲೆ ತೋರಿಸಲು ಪದೇ ಪದೇ ಹೋಗಬೇಕು. ಆಗುಂಬೆ ಘಾಟಿಯ ತಿರುವು ನೆನೆದರೆ ಶಿವಮೊಗ್ಗವೇ ವಾಸಿ. ಬೆಂಗಳೂರೇ ಎಂದಾದರೆ ಹೊಲಿಗೆ ತೆಗೆಯುವವರೆಗೆ, ಅಂದರೆ ಸುಮಾರು ಎರಡು ವಾರ, ನೆಲಮಹಡಿ ಮನೆ ಇರುವ ನೆಂಟರ ಹತ್ತಿರ ಇರಲಿ. ಹೊರಡುವಾಗ ಮುಂದಿನ ಸೀಟು ಹಿಂದಕ್ಕೆ ಸರಿಸಿ ಕೂರಿಸಿ, ಗಂಟೆಗೊಮ್ಮೆ ಇಳಿಸಿ ನಾಲ್ಕು ಹೆಜ್ಜೆ ನಡೆಸಿ.

ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು, ಕುಕ್ಕರುಗಾಲು ಎರಡೂ ಬೇಡ. ಮಂಡಿಯೂರಿ ಎದ್ದೇಳುವುದು ಇನ್ನೂ ಕಷ್ಟ. ದೇವರನ್ನೇ ಸ್ವಲ್ಪ ಎತ್ತರದ ಮಂಟಪಕ್ಕೆ ಏರಿಸಿ, ಅಮ್ಮ ಕುರ್ಚಿಯಲ್ಲಿ ಕೂತು ಮಾಡಲಿ. ಎಷ್ಟೋ ಮನೆಗಳಲ್ಲಿ ಹೀಗೇ ನಡೆಯುತ್ತಿದೆ.

ಮನೆಗೆ ಬಂದ ಮೇಲೆ ಮೀನಖಂಡದಲ್ಲಿ ಊತ, ನೋವು, ಗಾಯದಿಂದ ಕೀವು ಅಥವಾ ನಿಲ್ಲದೆ ನೀರು ಸೋರುವುದು, ಚಳಿಜ್ವರ, ಇದರಲ್ಲಿ ಯಾವುದು ಬಂದರೂ ಬೆಳಗಾಗಲಿ ನೋಡೋಣ ಅನ್ನಬೇಡಿ, ಆಸ್ಪತ್ರೆಗೆ ಫೋನ್ ಮಾಡಿ. ಇದ್ದಕ್ಕಿದ್ದಂತೆ ಉಸಿರುಗಟ್ಟಿದರೆ, ಎದೆ ನೋವು ಬಂದರೆ 108ಕ್ಕೆ ಕರೆ ಮಾಡಿ. ನಿಮ್ಮೂರಲ್ಲಿ ಫೋನ್ ಎಲ್ಲಿ ಸಿಗ್ನಲ್ ಹಿಡಿಯುತ್ತದೆ ಅನ್ನುವುದನ್ನೂ ಈಗಲೇ ಅಪ್ಪನಿಗೆ ತೋರಿಸಿಡಿ.